ಕೆಂಪು ಹಗ್ಗದ ಮೂಟೆ

ಏಪ್ರಿಲ್ 12, 1986

ಹ್ವಾಜಾ,

ಇಷ್ಟು ವರ್ಷದ ಮೇಲೆ ದ್ವೀಪದಿಂದ ಕಾಗದ ಬಂತಲ್ಲ ಎಂದು ಹೆದರಬೇಡ, ಯಾರೂ ಸತ್ತಿಲ್ಲ. ಬರೆಯುತ್ತಿರುವವಳು ನಿನ್ನ ಅತ್ತಿಗೆ ಬೊಂಗ್‌ಸಿಮ್. ನಮ್ಮ ಚರ್ಚಿನ ಸಭೆಯ ಅಜ್ಜಿಯೊಬ್ಬರ ಮಗಳು ಬುಸಾನಿನ ಮೀನು ಮಾರುಕಟ್ಟೆಯಲ್ಲಿ ನಿನ್ನನ್ನು ಕಂಡಳಂತೆ, ಅವಳೇ ವಿಳಾಸ ತಂದುಕೊಟ್ಟಳು. ಊರ ಮುಖ್ಯಸ್ಥರ ಮನೆಯಲ್ಲಿ ಫೋನು ಇದೆ. ಅಲ್ಲಿ ನಿಂತು ಮಾತಾಡಿದರೆ ಸಂಜೆಯೊಳಗೆ ಸೀಗಡಿ ಹಿಡಿಯುವವರಿಗೂ ಗೊತ್ತಾಗಿರುತ್ತದೆ. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನಿಮ್ಮವ್ವನಿಗೆ ಮರೆವು ಹತ್ತಿದೆ. ಊಟ ಮುಗಿಸಿ ಚಮಚ ಕೆಳಗಿಟ್ಟು, "ಇವತ್ತು ಈ ಮನೇಲಿ ಒಲೆ ಹಚ್ಚಲ್ವೇನೇ" ಎಂದು ಕೇಳುತ್ತಾರೆ. ನನ್ನ ಮುಖ ನೋಡಿ ಒಮ್ಮೊಮ್ಮೆ ನನ್ನ ಹೆಸರು ಹೇಳುತ್ತಾರೆ, ಒಮ್ಮೊಮ್ಮೆ ಸತ್ತುಹೋದ ತಮ್ಮ ನಾದಿನಿಯ ಹೆಸರು. ಅದನ್ನೆಲ್ಲ ನಾನು ಸಹಿಸಿಕೊಳ್ಳಬಲ್ಲೆ. ಸಹಿಸಲಾಗದ್ದು ಒಂದೇ. ದೋಣಿಯ ಕೂಗು ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ದಡಕ್ಕೆ ನಡೆಯುತ್ತಾರೆ. ಇಳಿಯುವ ಹೆಂಗಸರ ತೋಳು ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತಾರೆ. "ಏನಮ್ಮಾ, ದೋಣೀಲಿ ನಮ್ಮ ಹ್ವಾಜಾ ಇದ್ಲಾ?"

ಯಾವ ದಡದಲ್ಲಿ ನಿಂತು ಊರೆಲ್ಲ ಕೇಳುವ ಹಾಗೆ, "ನನ್ನ ಉಸಿರಿರೋತನಕ ಈ ನೆಲಕ್ಕೆ ಕಾಲಿಡಬೇಡ" ಎಂದು ನಿನ್ನನ್ನು ಕಳಿಸಿದರೋ, ಅದೇ ದಡದಲ್ಲಿ.

ಆಗರದಲ್ಲಿ ಉಪ್ಪಿನ ಕೆಲಸ ಶುರುವಾಗಿದೆ. ಮಡಿಯಲ್ಲಿ ಉಪ್ಪು ಹರಳುಗಟ್ಟುವ ಹೊತ್ತಿಗೆ ಸರಿಯಾಗಿ ದೋಣಿ ಕೂಗುತ್ತದೆ. ನಾನು ಎಳೆಯುವ ಹಲಗೆ ಬಿಸಾಡಿ ಅವರ ಹಿಂದೆ ಓಡಬೇಕು. ನಿಮ್ಮಣ್ಣನನ್ನು ಕೇಳಿದರೆ, "ಬರೋಳು ಬರ್ತಾಳೆ ಬಿಡು" ಎಂದು ಸಿಗರೇಟು ಹಚ್ಚುತ್ತಾರೆ. ಅಷ್ಟೇ ಅವರ ಪಾಲಿನ ಕೆಲಸ.

ನೀನು ಹೋದಾಗಿನಿಂದ ನಾನು ಬೆಳಗಿನ ಜಾವದ ಪ್ರಾರ್ಥನೆಯಲ್ಲಿ ಬೇಡಿದ್ದು ಇದನ್ನೇ. ಕರ್ತನೇ, ಈ ಮುದುಕಿಯ ಮನಸ್ಸು ಮೆತ್ತಗೆ ಮಾಡು, ಮಗಳನ್ನು ಕರೆಸು ಎಂದು. ಈಗ ಮೆತ್ತಗಾಗಿದೆ. ಒಂದು ಸಲ ಬಂದು ಹೋಗು.

ನಿನ್ನ ಅತ್ತಿಗೆ,
ಬೊಂಗ್‌ಸಿಮ್


ಮೇ 6, 1986

ಅತ್ತಿಗೆ,

ನಿಮ್ಮ ಕಾಗದವನ್ನು ಮೊದಲು ಗಂಡನ ಕೈಲಿ ಓದಿಸಿದೆ. ಆಮೇಲೆ ನಾನೇ ಓದಿದೆ. ನೀವು ಪಡುವ ಕಷ್ಟ ಅರ್ಥವಾಗುತ್ತದೆ. ಒಳ್ಳೆಯ ಸೊಸೆ ಅಂತ ಊರಲ್ಲಿ ಹೇಳುತ್ತಾರಂತೆ, ಅದೂ ಕಿವಿಗೆ ಬಿದ್ದಿದೆ.

ನಾನು ಬರುವುದಿಲ್ಲ.

ಒಮ್ಮೆ ಬಂದಿದ್ದೆನಲ್ಲ, ಬೆನ್ನಿಗೆ ಮಗು ಕಟ್ಟಿಕೊಂಡು. ಅವ್ವ ಅಡುಗೆಮನೆ ಬಾಗಿಲು ಹಾಕಿಕೊಂಡಳು. ನೀವು ಒಳಗಿಂದ "ಅತ್ತೆ, ಮಗು ಇದೆ" ಅಂದದ್ದು ನನಗೆ ಕೇಳಿಸಿತ್ತು. ಅವಳಿಗೂ ಕೇಳಿಸಿತ್ತು. ನಾನು ಮಾಡಿದ್ದು ಏನು? ಪಕ್ಕದ ದ್ವೀಪದ ಉಪ್ಪಿನ ವ್ಯಾಪಾರಿಯ ಮಗನಿಗೆ ನನ್ನನ್ನು ಕೊಡುತ್ತೇನೆಂದು ಮಾತುಕೊಟ್ಟಿದ್ದಳು, ನಾನು ದೋಣಿ ಎಂಜಿನ್ ರಿಪೇರಿ ಮಾಡುವವನ ಜೊತೆ ಹೋದೆ. ಅಷ್ಟೇ. ಅವನು ಒಳ್ಳೆಯವನು, ಈಗಲೂ.

ಈಗ ಅವಳು ನನ್ನನ್ನು ಕೇಳುತ್ತಿರುವುದು ಮನಸ್ಸು ಕರಗಿದ್ದಕ್ಕಲ್ಲ, ಬೈದದ್ದು ಮರೆತಿದ್ದಕ್ಕೆ. ಮರೆತರೆ ಕ್ಷಮಿಸಿದ ಹಾಗಾಯಿತೇ? ಆ ಮಾತನ್ನು ಆಡಿದವಳು ಅವಳು. ವಾಪಸ್ ತೆಗೆದುಕೊಳ್ಳಬೇಕಾದವಳೂ ಅವಳೇ. ಅವಳ ಬಾಯಿಂದ "ಬಾ" ಅಂತ ಬರಲಿ, ಮಾರನೆಯ ದೋಣಿಗೆ ಬರುತ್ತೇನೆ. ನೀವು ಅವಳ ಪರವಾಗಿ ಕರೆಯುವುದು ಬೇಡ.

ಅವ್ವನ ಮಂಡಿಗೆ ಹಚ್ಚುವ ಮುಲಾಮು ಕಳಿಸಿದ್ದೇನೆ. ನಾನು ಕಳಿಸಿದ್ದೆಂದು ಹೇಳಬೇಡಿ.

ಹ್ವಾಜಾ


ಜೂನ್ 21, 1986

ಹ್ವಾಜಾ,

ಮಳೆ ಹಿಡಿದಿದೆ. ಆಗರದಲ್ಲಿ ಕೆಲಸವಿಲ್ಲ, ಅದಕ್ಕೇ ಜಗಳವಾಡಲು ಬಿಡುವಾಗಿದೆ.

ಅವರ ಬಾಯಿಂದಲೇ ಬರಬೇಕು ಎಂದೆಯಲ್ಲ, ಪ್ರಯತ್ನ ಮಾಡಿದೆ. ಮುಲಾಮು ಹಚ್ಚುತ್ತಾ ಹಚ್ಚುತ್ತಾ ಶುರುಮಾಡಿದೆ.

"ಅತ್ತೆ, ಹ್ವಾಜಾನ ಬಾ ಅಂತ ಕರೀರಿ. ನಾನು ಬರೆದು ಕಳಿಸ್ತೀನಿ."

"ಕರೆಯೋದೇನು? ಬಾವಿಗೆ ಹೋಗಿದಾಳೆ, ಬರ್ತಾಳೆ."

"ಬಾವಿಗಲ್ಲ, ಬುಸಾನಿಗೆ. ನೀವೇ ಅವತ್ತು ದಡದಲ್ಲಿ ಕಾಲಿಡಬೇಡ ಅಂದ್ರಲ್ಲ."

"ನಾನಾ?" ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆತ್ತ ಮಗಳಿಗೆ ಯಾರಾದ್ರೂ ಹಂಗಂತಾರಾ? ನಿನ್ನ ಬಾಯಿಗೆ ಬೂದಿ ಹಾಕ. ನನ್ನ ಮಗಳ ಮೇಲೆ ಚಾಡಿ ಹೇಳೋಕೆ ಬಂದಿದೀಯ, ಅಲ್ವಾ?"

ಎದ್ದು ಪೊರಕೆ ತೆಗೆದುಕೊಂಡರು. ಐವತ್ತು ವರ್ಷದ ನಾನು ಅಂಗಳದ ತುಂಬ ಓಡಿದೆ. ನಿಮ್ಮಣ್ಣ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ಮಂಡಿ ವಾಸಿಯಾಗಿದೆ" ಅಂದರು.

ಈಗ ನೀನೇ ಹೇಳು. ಬೈದದ್ದೇ ನೆನಪಿಲ್ಲದವರು ಅದನ್ನು ವಾಪಸ್ ಹೇಗೆ ತೆಗೆದುಕೊಳ್ಳುತ್ತಾರೆ? ನೀನು ಅವರಿಂದ ಕೇಳುತ್ತಿರುವುದು ಅವರ ಹತ್ತಿರ ಇಲ್ಲ. ಇರುವುದನ್ನು ಕೊಡುತ್ತಿದ್ದಾರೆ, ಅದು ನಿನಗೆ ಬೇಡ. ನಡುವೆ ನನಗೆ ಪೊರಕೆ.

ಪಾಸ್ಟರ ಹತ್ತಿರ ಹೋಗಿ ಅತ್ತುಬಿಟ್ಟೆ. "ದೇವರ ಹೊತ್ತು ಅಂತ ಒಂದಿದೆ ಅಕ್ಕ, ನಾವು ಕಾಯಬೇಕು" ಅಂದರು. ಅವರಿಗೆ ಇನ್ನೂ ಮೂವತ್ತಾಗಿಲ್ಲ. ಈ ಜನ್ಮದಲ್ಲಿ ಅವರು ಕಾದದ್ದು ಎಂದರೆ ದೋಣಿಗಾಗಿ ಮಾತ್ರ, ಅದಕ್ಕೂ ಗೊಣಗುತ್ತಾರೆ. ನಾನು ಹೇಳಿದೆ, "ಪಾಸ್ಟರೇ, ಕಾಯೋದಕ್ಕೆ ನಾನು ತಯಾರಿದೀನಿ. ನಮ್ಮತ್ತೆ ತಲೆ ಕಾಯ್ತಾ ಇಲ್ವಲ್ಲ. ದಿನಾ ಒಂದಿಷ್ಟು ಖಾಲಿ ಆಗ್ತಾ ಇದೆ."

ಇನ್ನೊಂದು ಕಾಟ. ಉಗ್ರಾಣದ ಮೂಲೆಯಲ್ಲಿ ಕೆಂಪು ಹಗ್ಗ ಕಟ್ಟಿದ ಒಂದು ಉಪ್ಪಿನ ಮೂಟೆ ಇದೆ. ಮರದ ತುಂಡಿನ ಮೇಲೆ ಓರೆಯಾಗಿ ಇಟ್ಟು, ಹೊಸ ಉಪ್ಪಿನ ಕಹಿನೀರು ಇಳಿಯಲೆಂದು ಕೆಳಗೆ ಗಡಿಗೆ ಇಟ್ಟಿದ್ದಾರೆ. ಎಷ್ಟೋ ವರ್ಷಗಳಿಂದ ಹಾಗೇ ಇದೆ, ಒಂದು ಹನಿಯೂ ಇಳಿಯದಷ್ಟು ಒಣಗಿದೆ. "ನನ್ನ ಸಾವಿಗೆ ಬರೋರಿಗೆ ಎಲೆಕೋಸಿನ ಕಿಮ್ಚಿ ಹಾಕೋಕೆ ಇಟ್ಟಿದೀನಿ, ಮುಟ್ಟಬೇಡ" ಎನ್ನುತ್ತಿದ್ದರು. ನಾನೂ ಮುಟ್ಟಿಲ್ಲ. ಈಗ ಎಲ್ಲ ಮರೆತಿದ್ದಾರೆ, ಅದನ್ನು ಮಾತ್ರ ಮರೆತಿಲ್ಲ. ದಿನಕ್ಕೆ ಎಷ್ಟೋ ಸಲ ಹೋಗಿ ತಡವಿ ನೋಡಿ ಬರುತ್ತಾರೆ. ಮಗಳ ಮುಖಕ್ಕಿಂತ ಉಪ್ಪಿನ ಮೂಟೆಗೆ ಹೆಚ್ಚು ಜಾಗ ಕೊಟ್ಟಿದೆ ಆ ತಲೆ.

ಸೆಪ್ಟೆಂಬರಿನ ಸುಗ್ಗಿ ಹಬ್ಬಕ್ಕೆ ಬಾ. ನಿನ್ನ ಹಟ ಬದಿಗಿಟ್ಟು ಬಾ. ತಾಯಿಯದೇ ಹಟ ನಿನಗೂ ಬಂದಿದೆ ಎಂದು ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ.

ಬೊಂಗ್‌ಸಿಮ್


ಸೆಪ್ಟೆಂಬರ್ 24, 1986

ಅತ್ತಿಗೆ,

ಹಬ್ಬದ ಹಿಂದಿನ ದಿನ ಮೊಕ್‌ಪೊ ಬಂದರಿನವರೆಗೆ ಬಂದಿದ್ದೆ. ನಿಮಗೆ ಹೇಳಬಾರದೆಂದಿದ್ದೆ. ಹೇಳದೆ ಇದ್ದರೆ ನೀವು ಇನ್ನೂ ಬೈದು ಬರೆಯುತ್ತೀರಿ.

ಟಿಕೇಟು ತೆಗೆದುಕೊಂಡೆ. ದೋಣಿಯಲ್ಲಿ ಜನ ತುಂಬಿದ್ದರು, ಎಲ್ಲರ ಕೈಯಲ್ಲೂ ಹಣ್ಣಿನ ಪೆಟ್ಟಿಗೆ. ಹಲಗೆಯ ಮೇಲೆ ಒಂದು ಕಾಲಿಟ್ಟೆ. ಹಿಂದಿನವರು, "ಹತ್ತೋದಾದ್ರೆ ಹತ್ತಮ್ಮಾ, ಇಲ್ಲ ಪಕ್ಕಕ್ಕೆ ಸರಿ" ಅಂದರು. ಪಕ್ಕಕ್ಕೆ ಸರಿದೆ.

ದಡದಲ್ಲಿ ಅವಳು ನನ್ನ ತೋಳು ಹಿಡಿದು, ಹ್ವಾಜಾ ಬಂದ್ಲಾ ಅಂತ ನನ್ನನ್ನೇ ಕೇಳಿದರೆ ನಾನೇನು ಮಾಡಲಿ? ಅವಳ ಕೋಪವನ್ನು ಎದುರಿಸಬಲ್ಲೆ. ಅದು ನನಗೆ ಅಭ್ಯಾಸವಾಗಿದೆ. ಇದು ನನ್ನ ಕೈಲಾಗುವುದಿಲ್ಲ.

ತಂದ ಪೇರಳೆ ಹಣ್ಣುಗಳನ್ನು ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟೆ.

ಹ್ವಾಜಾ


ಡಿಸೆಂಬರ್ 3, 1986

ಹ್ವಾಜಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಮೊಕ್‌ಪೊವರೆಗೆ ಬಂದವಳನ್ನು ವಾಪಸ್ ಕಳಿಸಿದ್ದಕ್ಕೆ ದೇವರ ಮೇಲೆ, ವಾಪಸ್ ಹೋದದ್ದಕ್ಕೆ ನಿನ್ನ ಮೇಲೆ. ಹಬ್ಬದ ದಿನ ನಿಮ್ಮವ್ವ ಕೊನೆಯ ದೋಣಿಯವರೆಗೂ ದಡ ಬಿಟ್ಟು ಬರಲಿಲ್ಲ. ನಾನು ಪಕ್ಕದಲ್ಲಿ ಕೂತು ಅಕ್ಕಿ ಕಡುಬು ಬಾಯಿಗಿಟ್ಟೆ. ಅಷ್ಟು ಮಾತ್ರ ತಿಳಿದುಕೋ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಬೈಯುವುದಾದರೆ ಪೂರ್ತಿ ಓದಿ ಬೈ.

ಪ್ರತಿವರ್ಷ ನಮ್ಮ ಸಭೆಯ ಹೆಂಗಸರು ಒಂಟಿ ಮುದುಕರಿಗೆಲ್ಲ ಚಳಿಗಾಲದ ಕಿಮ್ಚಿ ಹಾಕಿಕೊಡುತ್ತೇವೆ. ಉಪ್ಪು ನಮ್ಮ ಮನೆಯದು, ಅದು ನನ್ನ ಪಾಲು. ಈ ಸಲ ನಿಮ್ಮಣ್ಣ ನನಗೆ ಒಂದು ಮಾತೂ ಹೇಳದೆ ಕಹಿನೀರು ಇಳಿದ ಹಳೆ ಉಪ್ಪನ್ನೆಲ್ಲ ವ್ಯಾಪಾರಿಗೆ ಹಾಕಿಬಿಟ್ಟಿದ್ದರು. ಉಳಿದದ್ದು ಈ ವರ್ಷದ್ದು. ಹೊಸ ಉಪ್ಪು ಹಾಕಿದರೆ ಎಲೆಕೋಸು ಕಹಿಯಾಗುತ್ತದೆ, ಮೆತ್ತಗಾಗಿ ಕೊಳೆಯುತ್ತದೆ, ನಿನಗೆ ಗೊತ್ತು. ಎಲೆಕೋಸು ಹೆಚ್ಚಿಟ್ಟು ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಅದೇ ಹೊತ್ತಿಗೆ ದೋಣಿ ಕೂಗಿತು, ನಿಮ್ಮವ್ವ ದಡಕ್ಕೆ ಹೊರಟರು. ನಾನು ಉಗ್ರಾಣಕ್ಕೆ ಹೋದೆ, ಕೆಂಪು ಹಗ್ಗ ಬಿಚ್ಚಿದೆ.

ಸತ್ತಮೇಲೆ ಬೇಕಾಗುವ ಉಪ್ಪನ್ನು ಬದುಕಿರುವವರಿಗೆ ಕೊಟ್ಟರೆ ತಪ್ಪೇನು ಅಂದುಕೊಂಡೆ. ಅದೂ ದೇವರ ಕೆಲಸಕ್ಕೆ. ನಿಜ ಹೇಳಬೇಕೆಂದರೆ, ಹಗ್ಗ ಬಿಚ್ಚುವಾಗ ದೇವರ ಕೆಲಸ ನೆನಪಿರಲಿಲ್ಲ. ಆ ಪೊರಕೆ ನೆನಪಿತ್ತು. ಈ ಮನೆಯಲ್ಲಿ ಎಲ್ಲದಕ್ಕೂ ನಾನೊಬ್ಬಳೇ ಕಾಯಬೇಕೆ ಎಂಬ ಸಿಟ್ಟಿತ್ತು.

ಎಂಥ ಉಪ್ಪು ಗೊತ್ತೇ. ಬೆರಳಲ್ಲಿ ಮರಳಿನ ಹಾಗೆ ಉದುರುತ್ತಿತ್ತು. ನಾಲಿಗೆಗಿಟ್ಟರೆ ಮೊದಲು ಉಪ್ಪು, ಆಮೇಲೆ ಸಿಹಿ. ಒಂದಿಷ್ಟೂ ಕಹಿಯಿಲ್ಲ.

ನಾವು ಎಲೆಕೋಸನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಮಾರನೆಯ ದಿನ ತೊಳೆದು, ಆ ನೀರನ್ನು ಕಾಲುವೆಗೆ ಚೆಲ್ಲಿದ ಮೇಲೆ ಅವರಿಗೆ ಗೊತ್ತಾಯಿತು. ಕೈಯಲ್ಲಿ ಕೆಂಪು ಹಗ್ಗ ಹಿಡಿದುಕೊಂಡು ಅಷ್ಟೂ ಹೆಂಗಸರ ನಡುವೆ ಬಂದು ನಿಂತರು. ಪೊರಕೆ ಇರಲಿಲ್ಲ. ಕೂಗಲೂ ಇಲ್ಲ. ಆ ಕಣ್ಣು ನಾನು ಎರಡು ವರ್ಷದಿಂದ ಕಂಡಿರಲಿಲ್ಲ, ಹಳೆಯ ಕಣ್ಣು.

"ಬೊಂಗ್‌ಸಿಮ್," ಎಂದರು. ಸರಿಯಾಗಿ ನನ್ನ ಹೆಸರೇ. "ಅದು ಹ್ವಾಜಾ ಉಪ್ಪು ಕಣೇ. ಅವಳು ಮದುವೆಯಾಗಿ ಮೊದಲನೇ ಸಲ ಸೋಯಾ ಹುಳಿಸಿ ಜಾಂಗ್ ಹಾಕೋಕೆ ಅಂತ ಇಟ್ಟಿದ್ದೆ. ಏನು ಮಾಡ್ಬಿಟ್ಟೆ?"

ನನಗೆ ಖಾರ ಹಚ್ಚಿದ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಒಂದು ಮೂಟೆ ಹಳೆ ಉಪ್ಪು ಕೊಡುವುದು ನಡೆದು ಬಂದದ್ದು. ನಿನಗೆ ಕೊಡಲಿಲ್ಲ, ಕೊಡುವ ಮದುವೆಯೇ ಆಗಲಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವತ್ತು ಮಧ್ಯಾಹ್ನ ನಿಮ್ಮಣ್ಣನನ್ನು ಹಿಡಿದು ಕೇಳಿದೆ. ಆ ಮೂಟೆ ಕಟ್ಟಿದ್ದು ಅವರೇ ಅಂತೆ. ನೀನು ಹೋದ ದಿನ, ದೋಣಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಅವ್ವ ಅವರನ್ನು ಉಗ್ರಾಣಕ್ಕೆ ಕರೆದು, ಒಳ್ಳೆ ಉಪ್ಪು ತುಂಬಿಸಿ, ಮದುವೆಗೆ ಕಟ್ಟುವ ಹಾಗೆ ಕೆಂಪು ಹಗ್ಗ ಕಟ್ಟಿಸಿದರಂತೆ.

"ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ರಲ್ಲ" ಎಂದೆ.

"ಯಾರೂ ಕೇಳ್ಲಿಲ್ಲ" ಎಂದರು.

ಹ್ವಾಜಾ, ಆ ಕ್ಷಣ ನನಗೆ ಈ ವಂಶದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೊಡೆಯಬೇಕು ಅನ್ನಿಸಿತು. ಒಬ್ಬರು ಹೇಳಲಿಲ್ಲ, ಒಬ್ಬರು ಕೇಳಲಿಲ್ಲ, ಒಬ್ಬಳು ಬರಲಿಲ್ಲ. ಎಲ್ಲ ಗೊತ್ತಿದ್ದ ದೇವರೂ ನನ್ನ ಕೈ ಹಿಡಿಯಲಿಲ್ಲ. ಇನ್ನೊಂದು ಚಳಿಗಾಲ ನಾನು ಸುಮ್ಮನಿದ್ದಿದ್ದರೆ ಮೂಟೆ ಪೂರ್ತಿ ಇರುತ್ತಿತ್ತು. ಕಾಯಿರಿ ಕಾಯಿರಿ ಎಂದು ಸಭೆಯಲ್ಲಿ ಚಿಕ್ಕವರಿಗೆಲ್ಲ ಬುದ್ಧಿ ಹೇಳುವವಳು ನಾನೇ.

ನಿನ್ನ ಉಪ್ಪು ಕಾಲುವೆಯಲ್ಲಿ ಹರಿದು ಸಮುದ್ರಕ್ಕೆ ಹೋಯಿತು. ತಪ್ಪಾಯಿತು. ಮೂಟೆಯ ತಳದಲ್ಲಿ ಸ್ವಲ್ಪ ಉಳಿದಿದೆ.

ಸಂಜೆಯ ಹೊತ್ತಿಗೆ ಅವರ ಕಣ್ಣು ಮತ್ತೆ ಮೊದಲಿನ ಹಾಗಾಯಿತು. "ಈ ಮನೇಲಿ ಒಲೆ ಹಚ್ಚಲ್ವೇನೇ" ಎಂದರು.

ಬೊಂಗ್‌ಸಿಮ್


ಜನವರಿ 15, 1987

ಅತ್ತಿಗೆ,

ಉಳಿದದ್ದನ್ನು ಮುಟ್ಟಬೇಡಿ.

ನಮ್ಮ ಚಾಂದ್ರಮಾನದ ಹೊಸವರ್ಷ ಕಳೆದು ಗಾಳಿ ತಗ್ಗಿದ ಮೇಲೆ ಬರುತ್ತೇನೆ. ಯಾವತ್ತು ಅಂತ ಹೇಳುವುದಿಲ್ಲ. ನೀವು ದಡಕ್ಕೆ ಬರಬೇಡಿ. ಅವ್ವನಿಗೆ ಹೇಳಬೇಡಿ. ಅಣ್ಣನಿಗೆ ಹೇಳಿದರೂ ಹೇಳದಿದ್ದರೂ ಒಂದೇ.

ಹ್ವಾಜಾ


ಮಾರ್ಚ್ 2, 1987

ಅತ್ತಿಗೆ,

ನಾನು ಬಂದ ದಿನ ನೀವು ಕಾಯಿಲೆಯವರ ಮನೆಯ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಆಮೇಲೆ ಎರಡು ದಿನ ನಿಮ್ಮ ಜೊತೆಗಿದ್ದೆ, ಏನಾಯಿತು ಅಂತ ನೀವು ಕೇಳಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನೀವು ನುಂಗಿಕೊಂಡದ್ದು ನನಗೆ ಕಾಣುತ್ತಿತ್ತು. ನಿಮ್ಮಂಥವರಿಗೆ ಅದೆಷ್ಟು ಕಷ್ಟ ಅಂತ ಗೊತ್ತು. ಈಗ ಹೇಳುತ್ತೇನೆ.

ದೋಣಿ ಇಳಿದೆ. ನಾನು ಹೆದರಿದ್ದ ಹಾಗೇ ಆಯಿತು. ಅವ್ವ ಬಂದು ನನ್ನ ತೋಳು ಹಿಡಿದಳು. ಎಷ್ಟು ಸಣ್ಣ ಕೈ ಆಗಿದೆ.

"ಏನಮ್ಮಾ, ದೋಣೀಲಿ ನಮ್ಮ ಹ್ವಾಜಾ ಇದ್ಲಾ?"

"ಇಲ್ಲ" ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ.

"ನೀನು ಎಲ್ಲಿಯೋಳು?"

"ಬುಸಾನು."

"ಬುಸಾನಾ?" ತೋಳು ಬಿಡಲೇ ಇಲ್ಲ. "ಹಂಗಾದ್ರೆ ನಡಿ ಮನೆಗೆ. ಕೆಲಸ ಇದೆ ನಿನ್ ಹತ್ರ."

ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅದೇ ಬಾಗಿಲು, ಅತ್ತಿಗೆ. ತಣ್ಣಗಿನ ಅನ್ನ ಹಾಕಿದಳು, ನಿಮ್ಮ ಕಿಮ್ಚಿ ಹಾಕಿದಳು. "ತಿನ್ನು. ಹಂಚಿಕಡ್ಡಿ ಹಂಗಿದೀಯ. ನಿಮ್ಮವ್ವ ಊಟ ಹಾಕಲ್ವಾ ನಿಂಗೆ?"

"ಹಾಕ್ತಿದ್ಲು."

"ಎಲ್ಲಿದಾಳೆ ಈಗ?"

"ಇದಾಳೆ. ದೂರದಲ್ಲಿ."

"ಹೋಗಿ ನೋಡ್ಕೊಂಡು ಬಾ. ಮುದುಕೀರು ಬಾಯಿ ಬಿಟ್ಟು ಕರೆಯಲ್ಲ" ಅಂದು ಉಗ್ರಾಣಕ್ಕೆ ಹೋದಳು. ಬಟ್ಟೆಯಲ್ಲಿ ಕಟ್ಟಿದ ಉಪ್ಪು ತಂದು ನನ್ನ ಮಡಿಲಲ್ಲಿಟ್ಟಳು. ಗಂಟಿನ ಮೇಲೆ ಕೆಂಪು ಹಗ್ಗ.

"ಬುಸಾನಲ್ಲಿ ನನ್ನ ಮಗಳಿದಾಳೆ. ಎಂಜಿನ್ ರಿಪೇರಿಯೋನ ಹೆಂಡ್ತಿ. ಇದನ್ನ ಅವಳಿಗೆ ಕೊಡು. ಸ್ವಲ್ಪಾನೇ ಇದೆ, ಸೊಸೆ ಸುರಿದ್ಬಿಟ್ಲು."

"ನೀವೇ ಕೊಡಬಹುದಲ್ಲ."

"ನಾನು ಕೊಟ್ರೆ ತಗೊಳಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋಳಲ್ವಾ."

"ಏನಂತ ಹೇಳ್ಲಿ ಅವಳಿಗೆ?"

ಗಂಟಿನ ಹಗ್ಗವನ್ನು ಇನ್ನೊಮ್ಮೆ ಬಿಗಿ ಮಾಡುತ್ತಾ ಕೂತಳು. ಮರೆತಳೇನೋ ಅಂದುಕೊಂಡೆ. ಆಮೇಲೆ ಅಂದಳು, "ಕಹಿನೀರೆಲ್ಲ ಇಳಿದಿದೆ ಅಂತ ಹೇಳು. ದಡದಲ್ಲಿ ಅವತ್ತು ಬೈದಿದ್ದನ್ನ ಮನಸ್ಸಲ್ಲಿಟ್ಕೋಬೇಡ, ದೋಣಿ ಹತ್ತಿ ಬಾ ಅಂತ ಹೇಳು. ಹೇಳ್ತೀಯ?"

ಅವಳಿಗೆ ನೆನಪಿತ್ತು, ಅತ್ತಿಗೆ. ಬೈದದ್ದು ನೆನಪಿತ್ತು. ಮರೆತದ್ದು ನನ್ನ ಮುಖವನ್ನು ಮಾತ್ರ.

"ಹೇಳ್ತೀನಿ" ಅಂದೆ.

"ಅಳಬೇಡ, ಅನ್ನ ತಿನ್ನು" ಅಂದಳು.

ನೀವು ಬಾಗಿಲಲ್ಲಿ ನಿಂತು, ಯಾಕೆ ಮೂಗು ಸೋರುತ್ತಿದೆ ಅಂತ ಕೇಳಿದಿರಿ. ಕಿಮ್ಚಿ ಖಾರ ಅಂದೆ. ಖಾರ ಇರಲಿಲ್ಲ. ಅದನ್ನೂ ಅದೇ ಉಪ್ಪಿನಲ್ಲಿ ಹಾಕಿದ್ದು ಅಂತ ನೀವು ಹೇಳಿದ ಮೇಲೆ ಗೊತ್ತಾಯಿತು. ಚೆನ್ನಾಗಿತ್ತು. ಊರ ಮುದುಕರೆಲ್ಲ ನನ್ನ ಮದುವೆ ಊಟ ಉಂಡ ಹಾಗಾಯಿತು ಬಿಡಿ. ಇನ್ನು ಆ ತಪ್ಪಿನ ಮಾತು ಎತ್ತಬೇಡಿ.

ಮೊನ್ನೆ ಜಾಂಗ್ ಹಾಕಿದೆ. ಉಪ್ಪು ಚಿಕ್ಕ ಜಾಡಿಗೆ ಸರಿಹೋಯಿತು. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ.

ಹ್ವಾಜಾ


ಮಾರ್ಚ್ 19, 1987

ಹ್ವಾಜಾ,

ನಿನ್ನ ಕಾಗದವನ್ನು ಆಗರದ ಕಟ್ಟೆಯ ಮೇಲೆ ಕೂತು ಓದಿದೆ. ಮಡಿಗಳ ಕೆಸರು ತೆಗೆಯುತ್ತಿದ್ದೇವೆ, ಇನ್ನೇನು ನೀರು ಬಿಡಬೇಕು. ನಿಮ್ಮಣ್ಣನಿಗೂ ಓದಿ ಹೇಳಿದೆ. "ಬರೋಳು ಬರ್ತಾಳೆ ಅಂದಿರ್ಲಿಲ್ವಾ" ಎಂದರು. ಕೆಸರು ಎರಚಿದೆ.

ನಾನು ದೇವರ ಮೇಲಿನ ಮುನಿಸು ಬಿಟ್ಟೆ ಎಂದು ತಿಳಿಯಬೇಡ. ಇಷ್ಟು ವರ್ಷ ಬೇಡಿದ್ದು ತಾಯಿ ಮಗಳನ್ನು ಕರೆಯಲಿ ಎಂದು. ಕರೆದರು. ಆದರೆ ಮಗಳೆಂದು ತಿಳಿಯದೆ ಕರೆದರು. ಕೊಡುವವನು ಪೂರ್ತಿ ಕೊಟ್ಟಿದ್ದರೆ ಏನಾಗುತ್ತಿತ್ತು? ಬೆಳಗಿನ ಜಾವ ಇದನ್ನೇ ಕೇಳುತ್ತೇನೆ. ಅಕ್ಕಪಕ್ಕದವರು ಕಣ್ಣುಬಿಟ್ಟು ನೋಡುತ್ತಾರೆ, ಅಷ್ಟು ಜೋರಾಗಿ ಕೇಳುತ್ತೇನೆ. ಉತ್ತರ ಬಂದಿಲ್ಲ. ಮಾರನೆಯ ದಿನ ಚರ್ಚಿನ ಗಂಟೆ ಹೊಡೆದರೆ ಮತ್ತೆ ಹೋಗುತ್ತೇನೆ. ಪಾಸ್ಟರು ಈಗ ನನಗೆ ಕಾಯಿರಿ ಎಂದು ಹೇಳುವುದಿಲ್ಲ, ಪಕ್ಕದಲ್ಲಿ ಬಂದು ಕೂರುತ್ತಾರೆ.

ಕಳೆದ ವಾರ, ಹೋದ ವರ್ಷದ ಉಪ್ಪು ತುಂಬಿ, ಹೊಸ ಮೂಟೆಯೊಂದನ್ನು ಉಗ್ರಾಣದ ಅದೇ ಮೂಲೆಯಲ್ಲಿ ಓರೆಯಾಗಿ ಇಟ್ಟೆ. ನಿನ್ನ ದೊಡ್ಡ ಮಗಳಿಗೆ. ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಳೆ, ಗೊತ್ತು. ಕಹಿನೀರು ಜೋರಾಗಿ ತೊಟ್ಟಿಕ್ಕುತ್ತಿದೆ. ಇದರ ಹಗ್ಗಕ್ಕೆ ನಾನು ಕೈ ಹಾಕುವುದಿಲ್ಲ, ಯಾರು ನನ್ನ ಮುಖ ನೋಡಿದರೂ ಸರಿ.

ನಿಮ್ಮವ್ವ ದಡಕ್ಕೆ ಹೋಗುವುದು ನಿಂತಿಲ್ಲ. ನೀನು ಹೋದ ಮಾರನೆಯ ದಿನವೂ ದೋಣಿ ಕೂಗಿದಾಗ ಎದ್ದರು. ಎಲ್ಲ ವ್ಯರ್ಥವಾಯಿತಲ್ಲ ಎಂದು ಹಿಂದೆಯೇ ಓಡಿದೆ, ಚಪ್ಪಲಿ ಕೂಡ ಮೆಟ್ಟಲಿಲ್ಲ. ದೋಣಿಯಿಂದ ಇಳಿದ ಮೊದಲ ಹೆಂಗಸಿನ ತೋಳು ಹಿಡಿದಿದ್ದರು. ಹತ್ತಿರ ಹೋದಾಗ ಕೇಳಿಸಿತು.

"ಏನಮ್ಮಾ, ನಮ್ಮ ಹ್ವಾಜಾಗೆ ಉಪ್ಪು ತಲುಪ್ತಾ?"

ಆ ಹೆಂಗಸು ಏನೂ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಅತ್ತೆಯ ಇನ್ನೊಂದು ತೋಳು ಹಿಡಿದುಕೊಂಡೆ.

"ತಲುಪ್ತು ಅತ್ತೆ" ಎಂದೆ.

"ತಗೊಂಡ್ಲಾ?"

"ತಗೊಂಡ್ಲು."

"ಹಟಮಾರಿ" ಎಂದು ನಕ್ಕರು. ಮನೆಯ ಕಡೆ ತಿರುಗಿದರು.

ಈಗ ದಿನವೂ ಇದೇ ಕೇಳುತ್ತಾರೆ, ನಾನು ದಿನವೂ ಇದೇ ಹೇಳುತ್ತೇನೆ. ಕೆಲಸ ಕೆಡುತ್ತದೆ. ಕೆಟ್ಟರೆ ಕೆಡಲಿ.

ದಡದಲ್ಲೇ ಕಾಯುತ್ತಿರುವ ನಿನ್ನ ಅತ್ತಿಗೆ,
ಬೊಂಗ್‌ಸಿಮ್